ಬೊರ್ಗಿಲ್ಡ್ ಬಿದ್ದ ದಿನ

ಫೆಬ್ರವರಿ 9, ಸೋಮವಾರ. ಟ್ರೊಮ್ಸೊ.

ಬೊರ್ಗಿಲ್ಡ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಎಂಬತ್ತು ದಾಟಿದ ಹೆಂಗಸು. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ನಮ್ಮ ಕ್ಲಿನಿಕ್ಕಿಗೆ ಬಂದು ಡ್ರಿಪ್ ಹಾಕಿಸಿಕೊಳ್ಳುತ್ತಾರೆ. ಇವತ್ತೂ ಬಾಟಲಿ ನೋಡಿ, "ಬರೀ ನೀರಿದ್ದಂಗಿದೆಯಲ್ಲೇ ರಾಗ್ನಾ" ಎಂದು ಹಂಗಿಸಿದರು. ನಾನು ಸೂಜಿ ತೆಗೆದ ಮೇಲಷ್ಟೇ ಬಾಯಿ ಬಿಟ್ಟರು.

"ಈಗ ಹೇಳ್ತೀನಿ, ಬೈಬೇಡ. ಬಸ್ಸಿಳಿದು ಬರ್ತಾ ಇಳಿಜಾರಲ್ಲಿ ದೊಪ್ಪಂತ ಬಿದ್ದೆ. ಹಿಮದಲ್ಲಿ ಜಾರದಂಗೆ ಶೂಗೆ ಕಟ್ಟೋ ಮುಳ್ಳನ್ನ ಬಸ್ಸಲ್ಲಿ ಬಿಚ್ಚಿದ್ದೆ, ಮತ್ತೆ ಕಟ್ಕೊಳ್ಳೋಕೆ ಸೋಮಾರಿತನ."

"ಬಂದ ತಕ್ಷಣ ಹೇಳೋಕೇನಾಗಿತ್ತು?"

"ಹೇಳಿದ್ರೆ ಇವತ್ತು ಔಷಧಿ ಹಾಕ್ತಿದ್ದೆಯಾ?"

ಹಾಕುತ್ತಿರಲಿಲ್ಲ. ಮೊದಲು ಎಕ್ಸ್‌ರೇಗೆ ಕಳಿಸುತ್ತಿದ್ದೆ.

ಅವರಮ್ಮ ಇದೇ ವಯಸ್ಸಿನಲ್ಲಿ, ಅದೇ ಇಳಿಜಾರಿನ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡವರು. ಮತ್ತೆ ಹಾಸಿಗೆಯಿಂದ ಏಳಲೇ ಇಲ್ಲ. ಬೊರ್ಗಿಲ್ಡ್‌ರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನೇ ಎಕ್ಸ್‌ರೇಗೆ ತಳ್ಳಿಕೊಂಡು ಹೋದೆ.

ಒಂದು ಬಿರುಕೂ ಇಲ್ಲ. ಹೋದ ವರ್ಷದ ಔಷಧಿ ಕಾಪಾಡಿತೋ, ದಪ್ಪ ಕೋಟು ಕಾಪಾಡಿತೋ ಯಾರಿಗೆ ಗೊತ್ತು ಎಂದರು ಡಾಕ್ಟರ್ ಐಲಿಫ್. ಇರಬಹುದು. ಆದರೆ ಆ ನೀರಿನಂಥದ್ದು ಮೂಳೆಯೊಳಗೆ ಸೇರಿ ವರ್ಷವಿಡೀ ಸದ್ದಿಲ್ಲದೆ ಕಾಯುತ್ತದೆ ಎಂದು ರೋಗಿಗಳಿಗೆಲ್ಲ ಬಾಯಿಪಾಠದಂತೆ ಒಪ್ಪಿಸುವ ನನಗೆ ಇವತ್ತು ಆ ಮಾತು ಮೊದಲ ಸಲ ನಿಜವೆನಿಸಿತು.

ಬೊರ್ಗಿಲ್ಡ್ ತಮ್ಮ ಮೂಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಮ್ಮಂಗೆ ಈ ಔಷಧಿ ಸಿಗ್ಲಿಲ್ಲ" ಎಂದರು. ಆಮೇಲೆ ಶೂಗೆ ಮುಳ್ಳು ಕಟ್ಟಿಕೊಂಡು, ಟ್ಯಾಕ್ಸಿ ಬೇಡವೇ ಬೇಡವೆಂದು ಹಟ ಹಿಡಿದು, ಅದೇ ಇಳಿಜಾರು ಹತ್ತಿ ಹೋದರು. ಬಸ್ಸು ಬರುವವರೆಗೂ ನಾನು ಕಿಟಕಿ ಬಿಡಲಿಲ್ಲ.

ತಿರುಗಿ ನೋಡಿದರೆ ಖಾಲಿ ಬಾಟಲಿ ಇನ್ನೂ ಸ್ಟ್ಯಾಂಡಿನಲ್ಲೇ ತೂಗುತ್ತಿತ್ತು, ತಳದಲ್ಲೊಂದು ಹನಿ. ದಿನಾ ನೋಡದೆಯೇ ಎಸೆಯುತ್ತೇನೆ. ಇವತ್ತು ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಆ ಹನಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಎಸೆದೆ.