ಹೆಸರು ಬಾರದ ಸೋಮವಾರಗಳು

ಗುರುಗುಂಟಾ ಸೀಮೆ,
ಶ್ರಾವಣದ ಕಡೆಯ ಸೋಮವಾರ, 2187

ನನಗಿಂತ ಮೊದಲು ಹುಟ್ಟಿದ ಅವ್ವ ಅಪ್ಪಗಳಿರಾ, ಶರಣು. ನೀವು ಮಣ್ಣಾಗಿ ಎಷ್ಟೋ ಕಾಲವಾದ ಮೇಲೆ ಹುಟ್ಟಿದವಳು ನಾನು. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತಿದ್ದೇನೆ, ಈಗ ಐವತ್ತು ತುಂಬಿದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಬೇಸರ ಮಾಡಿಕೊಳ್ಳದೆ ಓದಿರಿ. ನಿಮ್ಮ ಕೈಯಲ್ಲಿ ಇನ್ನೂ ಇರುವುದು ನಮ್ಮ ಕೈಬಿಟ್ಟು ಹೋದ ಬಗೆಯನ್ನು ಹೇಳಬೇಕಾಗಿದೆ.

ನಮ್ಮ ಸೀಮೆಯ ಗಂಡಸರು ಭೂಮಿಯ ದಕ್ಷಿಣ ತುದಿಯ ಮಂಜುಗಣಿಗೆ ದುಡಿಯಲು ಹೋಗುತ್ತಾರೆ. ಮಂಜುಗಣಿ ಎಂದರೆ ಹಿಮದಡಿ ತೋಡಿದ ಗಣಿ. ಹೋದವರು ಐದು ವರ್ಷ ಅಲ್ಲೇ. ಫೋನು ಕೂಡದು, ಕಾಗದ ಕೂಡದು ಎಂದು ಕರಾರು. ಅವರಿಗೂ ನಮಗೂ ನಡುವೆ ಇದ್ದದ್ದು ಕಡಲಾಚೆ ಬಾನುಲಿ ಒಂದೇ. ಪರದೇಶದಲ್ಲಿರುವ ನಮ್ಮವರಿಗೆಂದು ಸರ್ಕಾರ ನಮ್ಮ ತೆರಿಗೆಯಿಂದಲೇ ನಡೆಸುತ್ತಿದ್ದ ರೇಡಿಯೋ ಅದು. ಸೋಮವಾರ ಸಂಜೆ ಶಂಖ ಊದಿ ಹೆಸರೋದು ಶುರುವಾಗುತ್ತಿತ್ತು: ಇಲ್ಲಿ ತೀರಿಕೊಂಡವರ ಹೆಸರು ಅಲ್ಲಿಯವರಿಗೆ, ಅಲ್ಲಿ ತೀರಿಕೊಂಡವರ ಹೆಸರು ನಮಗೆ. ಕಾಶೀಬಾಯಿ ಎಂಬಾಕೆ ಓದುತ್ತಿದ್ದರು. ಮಠದ ಕಟ್ಟೆಯ ಮೇಲೆ ಹೆಂಗಸರೆಲ್ಲ ಸೆರಗು ಬಿಗಿಹಿಡಿದು ಕೇಳುತ್ತಿದ್ದೆವು. ನಮ್ಮವರ ಹೆಸರು ಬಾರದಿದ್ದರೆ ಬದುಕಿದ್ದಾರೆಂದು ಅರ್ಥ. ಆಗ ವಿಭೂತಿ ಹಚ್ಚಿಕೊಂಡು, ಅಮರೇಶ್ವರನಿಗೆ ಕೈಮುಗಿದು, ಓಣಿಗೆಲ್ಲ ಸಕ್ಕರೆ ಹಂಚುವುದು ನಮ್ಮ ಪದ್ಧತಿ.

ಮೊದಲು ಬಂದದ್ದು ಮಾತುಗಾವಲು. ಜನರ ದುಡ್ಡಿನಲ್ಲಿ ಆಡುವ ಮಾತು ಹದ್ದಿನಲ್ಲಿರಲಿ ಎಂದು ಸರ್ಕಾರ ಕೂರಿಸಿದ ಮಂಡಳಿ. ಗಣಿ ಇರುವ ದೇಶಕ್ಕೆ ಮುಜುಗರವಾದೀತೆಂದು, ಯಾರು ಹೇಗೆ ಸತ್ತರೆಂಬುದನ್ನು ಅದು ತೆಗೆಸಿಹಾಕಿತು. ಹೆಸರಾದರೂ ಉಳಿಯಿತಲ್ಲ ಎಂದು ಸುಮ್ಮನಾದೆವು. ಆಮೇಲೆ, ಸರ್ಕಾರಕ್ಕೆ ಈ ಖರ್ಚು ಯಾಕೆಂದು ಬಾನುಲಿಯನ್ನೇ ಒಂದು ಕಂಪನಿಗೆ ಮಾರುವ ಮಾತೆದ್ದಿತು. ಒಪ್ಪಿಗೆ ಕೇಳಲು ಸಾಹೇಬನೊಬ್ಬ ಮಠಕ್ಕೆ ಬಂದ.

"ಅದೇ ಶಂಖ, ಅದೇ ಕಾಶೀಬಾಯಿ ದನಿ ಇರ್ತದವ್ವಾ. ಮಾಲಕರು ಅಷ್ಟೇ ಬ್ಯಾರೆ," ಎಂದ.

ನನ್ನ ತಮ್ಮ ಆದೆಪ್ಪ ಆಗ ಮಂಜುಗಣಿಯಲ್ಲಿದ್ದ. ಅವನ ಹೆಂಡತಿ ನೀಲಗಂಗಾಳ ಬಾಯಿ ಜೋರು. "ಮನಿ ಅದೇ, ಗಂಡ ಅವನೇ, ಅತ್ತಿ ಒಬ್ಬಾಕಿ ಬ್ಯಾರೆ ಅಂದಂಗಾತಲ್ರೀ ಸಾಹೇಬ್ರ!" ಎಂದಳು. ಕಟ್ಟೆಯೆಲ್ಲ ನಕ್ಕಿತು. ಸಾಹೇಬನೂ ನಕ್ಕ. ನಗುನಗುತ್ತಲೇ ನಮ್ಮ ಕೈ ಎತ್ತಿಸಿಕೊಂಡು ಹೋದ.

ಶಂಖ ಅದೇ ಇತ್ತು. ಕಾಶೀಬಾಯಿಯವರನ್ನು ಮನೆಗೆ ಕಳಿಸಿ, ಅವರ ದನಿಯ ಅಚ್ಚು ತೆಗೆದು, ಯಂತ್ರದಿಂದ ಓದಿಸುತ್ತಿದ್ದರು. ಅದಕ್ಕೆ ನೆರಳುದನಿ ಎನ್ನುತ್ತಾರೆ. ವಾರವಾರವೂ ಯಾರ್ಯಾರದೋ ಹೆಸರು ಬರುತ್ತಿದ್ದವು, ಆದೆಪ್ಪನದು ಬರುತ್ತಿರಲಿಲ್ಲ. ನೀಲಗಂಗಾ ಎರಡು ವರ್ಷ ಸಕ್ಕರೆ ಹಂಚಿದಳು.

ಕರಾರು ಮುಗಿಸಿ ಬಂದ ಪಕ್ಕದೂರಿನ ಹನುಮಗೌಡ ಒಂದು ಸೋಮವಾರ ಆದೆಪ್ಪನ ಕಂಬಳಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಕೈತುಂಬ ಬಳೆ ತೊಟ್ಟ ನೀಲಗಂಗಾ ಯಾರು, ಏನು ಎಂದು ಕೇಳುವ ಮೊದಲೇ ಅವನ ಅಂಗೈಗೆ ಸಕ್ಕರೆ ಹಾಕಿದಳು. ಅವನು ಅದನ್ನು ಬಾಯಿಗೂ ಹಾಕಲಿಲ್ಲ, ಕೆಳಗೂ ಚೆಲ್ಲಲಿಲ್ಲ.

"ಯಕ್ಕಾ, ಆದೆಪ್ಪಣ್ಣ ಹೋಗಿ ಎರಡು ವರ್ಸಾತಲ್ಲ. ಬಾನುಲಿಯೊಳಗ ಹೇಳಲಿಲ್ಲೇನು?"

ವಿಚಾರಿಸಿದಾಗ ತಿಳಿಯಿತು: ಗಣಿಯವರು ಹಣ ಕಟ್ಟಿದರೆ ಮಾತ್ರ ಕಂಪನಿ ಹೆಸರು ಓದಿಸುತ್ತದೆ. ನಮ್ಮವರಿದ್ದ ಗಣಿ ಕಟ್ಟಿರಲಿಲ್ಲ. ನಾವೇನೂ ಸುಳ್ಳು ಹೇಳಿಲ್ಲವಲ್ಲ ಎಂದಿತು ಕಂಪನಿ. ಬಾನುಲಿ ಈಗ ನಮ್ಮದಲ್ಲ ಎಂದಿತು ಸರ್ಕಾರ. ಸತ್ತವನ ಹೆಸರಲ್ಲಿ ಸಿಹಿ ತಿಂದ ಪಾಪವನ್ನು ಯಾರ ಪಾಲಿಗೆ ಹಾಕುತ್ತೀ ಎಂದು ಅಮರೇಶ್ವರನನ್ನು ಕೇಳಿದ್ದೇನೆ.

ನಿಮ್ಮ ಕಟ್ಟೆಗೂ ಸಾಹೇಬ ಬರುತ್ತಾನೆ. ಶಂಖ ಅದೇ ಇರುತ್ತದೇನು ಎಂದು ಕೇಳಬೇಡಿ. ಯಾರ ಹೆಸರು ಓದುವುದಿಲ್ಲ ಎಂದು ಕೇಳಿರಿ. ಅವನು ನಕ್ಕರೂ ನೀವು ನಗಬೇಡಿ.

ಇಂದೂ ಸೋಮವಾರ. ಈಗಷ್ಟೇ ಹೆಸರೋದು ಮುಗಿಯಿತು. ನೀಲಗಂಗಾ ಒಳಗೆ ಕದ ಹಾಕಿಕೊಂಡಿದ್ದಾಳೆ. ಪಕ್ಕದ ಮನೆಯ ಸೊಸೆ ಸಕ್ಕರೆ ತಟ್ಟೆ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಿದ್ದಾಳೆ. ಅವಳ ಗಂಡ ಅದೇ ಗಣಿಯಲ್ಲಿದ್ದಾನೆ. ಅವಳಿಗೂ ಎಲ್ಲ ಗೊತ್ತು. ಹಂಚದಿದ್ದರೆ ಅವನು ಸತ್ತನೆಂದು ತಾನೇ ಒಪ್ಪಿದಂತಾಗುತ್ತದೆ, ಅದಕ್ಕೆ ಹಂಚುತ್ತಾಳೆ. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಎದ್ದು ಹೋಗಿ ಕೈ ಒಡ್ಡಬೇಕು.

ಅಮರಮ್ಮ