ನೂರ ಹದಿನೇಳನೆಯ ಪ್ರಶ್ನೆ

ಮಾರ್ಚ್ ೧೪

ಮುದ್ದಿನ ಪುಟ್ಟಿ,

ಎರಡು ತಿಂಗಳಿಂದ ಅಕ್ಕನ ಸುದ್ದಿಯೇ ಇಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದಿದ್ದರೆ ಆಮೇಲೆ ಬೈಯಿ, ಮೊದಲು ಇದನ್ನು ಓದು. ನನ್ನ ಪ್ರಶ್ನೆ ಗೆದ್ದುಬಿಟ್ಟಿತು ಕಣೇ!

ಯಾವ ಪ್ರಶ್ನೆ ಅಂತೀಯಾ? ತಾಯಿ-ಮಗುವಿನ ಆರೋಗ್ಯದ ಬಗ್ಗೆ ಜಗತ್ತಿನಲ್ಲಿ ಮೊದಲು ಯಾವ ಸಂಶೋಧನೆ ನಡೆಯಬೇಕೆಂದು ತೀರ್ಮಾನಿಸಲು ಒಂದು ಸಭೆ ಸೇರಿತ್ತು, ನನ್ನನ್ನೂ ಕರೆದಿದ್ದರು. ಹಲವು ದೇಶಗಳ ಡಾಕ್ಟರು, ನರ್ಸುಗಳಿಂದ ಒಂದೊಂದು ಪ್ರಶ್ನೆ ಬರೆಸಿಕೊಂಡಿದ್ದರು, ಹೆಸರಿಲ್ಲದೆ. ಒಟ್ಟು ಇನ್ನೂರ ಆರು. ಉಳಿಯುವುದು ಹತ್ತೇ ಹತ್ತು. ಉತ್ತರ ಸಿಗುವಂಥದ್ದೇ, ಸಿಕ್ಕರೆ ಜೀವ ಉಳಿಯುತ್ತದೆಯೇ, ಬಡವರಿಗೂ ತಲುಪುತ್ತದೆಯೇ ಎಂದು ನೋಡಿ ಒಂದು, ಅರ್ಧ, ಇಲ್ಲವೇ ಸೊನ್ನೆ ಅಂಕ ಹಾಕಬೇಕು. ದೊಡ್ಡ ಡಾಕ್ಟರ ಅಂಕಕ್ಕೂ, ಮೂವತ್ತು ವರ್ಷ ಹೆರಿಗೆ ಮಾಡಿಸಿದ ನನ್ನ ಅಂಕಕ್ಕೂ ಒಂದೇ ತೂಕ. ನನಗಂತೂ ಕೋಡು ಮೂಡಿತ್ತು!

ನನ್ನದು ನೂರ ಹದಿನೇಳನೆಯದು: "ಹೆರಿಗೆ ಮಾಡಿಸುವವಳು ಒಬ್ಬಳೇ ಇದ್ದಾಗ ತಾಯಿಯ ರಕ್ತಸ್ರಾವ ನಿಲ್ಲದೆ, ಮಗುವೂ ಉಸಿರಾಡದಿದ್ದರೆ, ಎರಡೇ ಕೈಯಲ್ಲಿ ಇಬ್ಬರನ್ನೂ ಉಳಿಸುವುದು ಹೇಗೆ?"

ಅಂಕ ಹಾಕುವ ಮೊದಲೇ ಅದಕ್ಕೆ ಕುತ್ತು ಬಂತು. ಪಟ್ಟಿ ಸೋಸುತ್ತಿದ್ದವರು ಅಂಕಿಅಂಶದ ಮೇಷ್ಟ್ರು. ಸಕ್ಕರೆ ಹಾಕದ ಚಹಾದಲ್ಲೂ ಚಮಚ ತಿರುಗಿಸುವ ಸಾಧು ಮನುಷ್ಯ. "ಇದೂ ಮಗು ಉಸಿರಾಟದ್ದೇ, ನಲವತ್ತನೇದರ ಥರ. ಅದರೊಳಗೇ ಸೇರಿಸಿಬಿಡೋಣ" ಎಂದು ಗೆರೆ ಎಳೆದೇಬಿಟ್ಟರು.

ಯಾವ ಪ್ರಶ್ನೆ ಯಾರದೆಂದು ಬಾಯಿಬಿಡಬಾರದೆಂಬುದು ನಿಯಮ. ನನ್ನ ಬಾಯಿ ನಿನಗೆ ಗೊತ್ತಲ್ಲ! ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತೆ. "ಸಾರ್, ಎರಡೂ ಒಂದೇ ಹೇಗಾಗುತ್ತೆ? ಅದರಲ್ಲಿ ಬರೀ ಮಗು ಇದೆ. ಇದರಲ್ಲಿ ಇಬ್ರೂ ಸಾಯ್ತಾ ಇದ್ದಾರೆ, ನೋಡ್ಕೊಳ್ಳೋಳು ಒಬ್ಬಳೇ. ಯಾರನ್ನ ಮೊದಲು ಹಿಡೀಲಿ, ನೀವೇ ಹೇಳಿ!"

ಮೇಷ್ಟ್ರು ಎರಡು ಪ್ರಶ್ನೆಗಳನ್ನೂ ಮತ್ತೊಮ್ಮೆ ಓದಿದರು. "ನನ್ನದೇ ತಪ್ಪು ಕಣಮ್ಮ, ಇದು ಬೇರೇನೇ" ಎಂದು ಗೆರೆ ಅಳಿಸಿದರು. ಎಲ್ಲರ ಅಂಕ ಕೂಡಿಸಿ, ಸಂಜೆ ಗೆದ್ದ ಪ್ರಶ್ನೆಗಳನ್ನು ಹತ್ತನೆಯದರಿಂದ ಓದುತ್ತಾ ಬಂದರು. ಒಂಬತ್ತು, ಎಂಟು, ಏಳು... ನನ್ನದಿಲ್ಲ. ಮುಗಿಯಿತು ಕತೆ ಅಂದುಕೊಂಡೆ. ನಾಲ್ಕನೆಯದು ನನ್ನದು ಪುಟ್ಟೀ! ಇನ್ನು ಯಾರಾದರೂ ಕೂತು ಇದಕ್ಕೆ ಉತ್ತರ ಹುಡುಕಲೇಬೇಕು. ಬಸ್ಸಿನಲ್ಲಿ ಪಕ್ಕದ ಅಜ್ಜಿಗೂ ಎಲ್ಲ ಹೇಳಿದೆ. ಆಕೆ ಅರ್ಥವಾಗದೆಯೇ ನನ್ನ ಕೈ ಅದುಮಿದರು.

ನಿನ್ನ ಯಜಮಾನರಿಗೂ ತಿಳಿಸು. ಇಬ್ಬರೂ ತಣ್ಣಗಿರಿ, ನೂರು ಕಾಲ ಬಾಳಿ.

ನಿನ್ನ
ಅಕ್ಕ

ತಾ.ಕ.: ಇದು ಮರೆತು ಬಿಟ್ಟ ಮಾತಲ್ಲ, ಹನ್ನೊಂದು ವರ್ಷ ಹೇಳಲಾರದೆ ಉಳಿದದ್ದು. ನಿನ್ನ ಹೆರಿಗೆಯ ದಿನ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಮಗು ಹುಟ್ಟುವಾಗಲೇ ಹೋಗಿತ್ತೆಂದು ನಿನಗೆ ಹೇಳಿದೆ. ಸುಳ್ಳು. ಉಸಿರಿರದಿದ್ದರೂ ಅವಳ ಎದೆ ಬಡಿಯುತ್ತಿತ್ತು, ಇತ್ತ ನಿನ್ನ ರಕ್ತ ನಿಲ್ಲುತ್ತಿರಲಿಲ್ಲ. ನಾನು ನಿನ್ನನ್ನು ಹಿಡಿದುಕೊಂಡೆ.