ಫ್ಯಾನಿಲ್ಲದ ಕಾರ್ಡು

ಮಾರ್ಚ್ ೫, ಬುಧವಾರ

ಲ್ಯಾಬಿನಿಂದ ಬಂದು, ಕೈ ತೊಳೆದು, ಮತ್ತೆ ಅದೇ ಕೆಲಸ. ಕಂಪ್ಯೂಟರಿನ ಸ್ವಿಚ್ ಒತ್ತು, ಕಾಯಿ. ಪರದೆ ಕಪ್ಪು. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಸತ್ತಿದೆ ಅಂತ ಮೊನ್ನೆಯೇ ಗೊತ್ತಾಗಿದೆ. ಆದರೂ ಒತ್ತಿ ನೋಡುತ್ತೇನೆ, ಸತ್ತವರ ನಾಡಿ ಹಿಡಿದ ಹಾಗೆ. ಕಾರ್ಡ್ ಕಿತ್ತರೆ ಚಿತ್ರವೇನೋ ಬರುತ್ತದೆ. ಲಾರಿ ಆಟ ತೆರೆದರೆ ಲಾರಿ ಓಡುವುದಿಲ್ಲ. ಫೋಟೋ ಆಲ್ಬಮ್ ತಿರುವಿದಂತೆ ಒಂದೊಂದೇ ಚಿತ್ರ.

ಭಾನುವಾರ ಅಕ್ಕನಿಗೆ ಏನು ಹೇಳಲಿ? ಪ್ರತಿ ಭಾನುವಾರ ಸಂಜೆ ಹೊಲಿಗೆ ಅಂಗಡಿ ಮುಚ್ಚಿ ಅವಳ ಊರಿನಿಂದ ಅವಳು, ಇಲ್ಲಿಂದ ನಾನು, ಆಟದಲ್ಲಿ ಎರಡು ಲಾರಿ ಒಂದರ ಹಿಂದೊಂದು ಓಡಿಸುತ್ತೇವೆ. ಮಾತು ಇಷ್ಟೇ — 'ಎಡಕ್ಕೆ ತಿರುಗು.' 'ಡೀಸೆಲ್ ನೋಡ್ಕೋ.' ಫೋನಿನಲ್ಲಿ ಅಷ್ಟೂ ಹುಟ್ಟುವುದಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಲ್ಯಾಬಿನ ಎಸಿ ರಿಪೇರಿಗೆ ಬಂದವರನ್ನು ನಾನು ಮದುವೆಯಾದದ್ದು ಅವಳ ಗಂಟಲಲ್ಲಿ ಇನ್ನೂ ಇಳಿದಿಲ್ಲ. ಇವರ ವಿಷಯ ಎತ್ತುವುದೇ ಇಲ್ಲ. ಎತ್ತಲೇಬೇಕಾದರೆ 'ಅವನು'. ಅಷ್ಟೇ.

ಮಾರ್ಚ್ ೭, ಶುಕ್ರವಾರ

ಇವರು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ಹೆರಿಗೆ ಆಸ್ಪತ್ರೆಯಿಂದ ಮಗು ತಂದವರ ಮುಖ.

"ಇವತ್ತು ಎಸಿ ಕೆಲಸ ಮಾಡಿದ ಸರ್ವರ್ ರೂಮಿಂದು. ಹಳೇದೆಲ್ಲಾ ಗುಜರಿಗೆ ಹಾಕ್ತಿದ್ರು, ಮ್ಯಾನೇಜರನ್ನ ಕೇಳಿ ತಂದೆ. ನಿಂದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಅಂತೆ!"

ಇಟ್ಟಿಗೆಯಂಥ ಕಾರ್ಡು. ತೂಕವೂ ಹಾಗೇ.

"ಪರದೆಯ ಕೇಬಲ್ ಎಲ್ಲಿ ಚುಚ್ಚೋದು?"

ತಿರುಗಿಸಿ ನೋಡಿದರು. ಇನ್ನೊಮ್ಮೆ ತಿರುಗಿಸಿದರು. "ತೂತೇ ಇಲ್ವಲ್ಲ."

"ಫ್ಯಾನು?"

"ಅದೂ ಇಲ್ಲ."

"ಮತ್ತೇನಿದೆ ಇದರಲ್ಲಿ?"

"ಶಕ್ತಿ ಇದೆ."

ಮಾರ್ಚ್ ೮, ಶನಿವಾರ

ಕಾರ್ಡು ಕಂಪ್ಯೂಟರಿನ ಡಬ್ಬಿಗಿಂತ ಉದ್ದ. ಒಳಗಿನ ತಗಡಿನ ತಟ್ಟೆಯನ್ನು ಇವರು ಗರಗಸದಿಂದ ಕೊಯ್ದರು. ನನ್ನ ಹಲ್ಲು ಇನ್ನೂ ಜುಮ್ಮೆನ್ನುತ್ತಿದೆ. ಆಮೇಲೆ ಕರೆಂಟಿನ ಪಿನ್. ನೋಡಲು ಒಂದೇ ಥರ, ಕೂರುವುದಿಲ್ಲ. ಒತ್ತಿ ಕೂರಿಸಲು ಹೊರಟವರ ಕೈ ಹಿಡಿದು ನಿಲ್ಲಿಸಿ, ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದೆ.

"ಒತ್ತದೇ ಇದ್ದದ್ದು ಒಳ್ಳೇದಾಯ್ತು ಮೇಡಂ, ಸುಟ್ಟೇ ಹೋಗ್ತಿತ್ತು. ಇದಕ್ಕೆ ಬೇರೆ ವೈರ್ ಬೇಕು. ಅಲ್ಲಾ, ಇದು ಲೆಕ್ಕ ಹಾಕೋಕೆ ಮಾಡಿದ ಕಾರ್ಡು. ಆಟಕ್ಕೆ ಯಾರು ತಂದ್ರು?"

ಯಾರು ತಂದರು ಅಂತ ಹೇಳಲಿಲ್ಲ. ಮಾನ ಉಳಿಸಿದೆ.

ಮಾರ್ಚ್ ೯, ಭಾನುವಾರ

ಅಕ್ಕನಿಗೆ ಮೆಸೇಜ್ ಹಾಕಿದೆ: ಕಂಪ್ಯೂಟರ್ ಕೆಟ್ಟಿದೆ, ಇವತ್ತು ಆಗಲ್ಲ. ಉತ್ತರ: 'ಸರಿ.'

ಆ ಚುಕ್ಕಿ ಯಾಕೆ ಇಟ್ಟಳು? ಎಂದೂ ಇಡುವವಳಲ್ಲ.

ಮಾರ್ಚ್ ೧೨, ಬುಧವಾರ

ವೈರ್ ಸರಿಹೋಯಿತು. ಆದರೆ ಕಾರ್ಡು ಇದೆ ಅಂತ ಕಂಪ್ಯೂಟರಿಗೇ ಗೊತ್ತಿಲ್ಲ. ಎರಡು ಸಂಜೆ ಹಾಳು. ಶುರುವಾಗುವಾಗ ಬರುವ ನೀಲಿ ಪುಟದಲ್ಲಿ, ಮೂಲೆಯಲ್ಲಿ, ಒಂದು ಸೆಟ್ಟಿಂಗ್ ಅಡಗಿ ಕೂತಿತ್ತು. ಅದನ್ನು ಆನ್ ಮಾಡಿದ ಮೇಲೆ ಕಣ್ಣು ಬಿಟ್ಟಿತು. ಪರದೆಯ ಕೇಬಲನ್ನು ಮದರ್‌ಬೋರ್ಡಿನ ತೂತಿಗೇ ಹಾಕಬೇಕಂತೆ. ದುಡಿಯುವುದು ಕಾರ್ಡು, ಮುಖ ತೋರಿಸುವುದು ಬೋರ್ಡು. ನಮ್ಮ ಲ್ಯಾಬಿನಲ್ಲೂ ಹೀಗೇ.

ಆಟ ತೆರೆದೆ. ಲಾರಿ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು! ಇವರು ಹಿಂದೆ ನಿಂತು ಕೈ ಕಟ್ಟಿಕೊಂಡು... ಆ ನಗು ನೋಡಲಾರೆ. ಸ್ವಲ್ಪ ಹೊತ್ತಿಗೇ ಬಿಸಿ ವಾಸನೆ. ತೊಂಬತ್ತು ಡಿಗ್ರಿ ದಾಟಿತು. ಲಾರಿ ತೊದಲಿತು. ಪರದೆ ಕಪ್ಪು.

"ಸರ್ವರ್ ರೂಮಲ್ಲಿ ಗೋಡೆ ತುಂಬಾ ಫ್ಯಾನು ಇರ್ತವಲ್ಲ, ಅದಕ್ಕೇ ಇದಕ್ಕೆ ಇಟ್ಟಿಲ್ಲ," ಅಂದರು, ಈಗ ನೆನಪಾದವರಂತೆ.

ಎಸಿ ಮೆಕ್ಯಾನಿಕ್ಕು. ಈಗ ನೆನಪಾಯಿತು.

ಮಾರ್ಚ್ ೧೫, ಶನಿವಾರ

"ಗಾಳಿ ತಾನೇ? ಗಾಳಿ ನನ್ನ ಕೆಲಸ."

ಶೂ ಡಬ್ಬದ ರಟ್ಟು ಕತ್ತರಿಸಿ ಕೊಳವೆ. ಒಂದು ತುದಿಗೆ ಹಳೇ ಬ್ಲೋವರು, ಇನ್ನೊಂದು ತುದಿ ಕಾರ್ಡಿನ ಬಾಯಿಗೆ. ಸುತ್ತ ಬೆಳ್ಳಿ ಬಣ್ಣದ ಟೇಪು. ಮೊದಲ ಸಲ ಗಾಳಿ ಉಲ್ಟಾ ಬಂದು ಮೇಜಿನ ಧೂಳೆಲ್ಲ ನನ್ನ ಕಣ್ಣಿಗೆ. ಎರಡನೇ ಸಲ ಸರಿಯಾಯಿತು, ಎಪ್ಪತ್ತು ಡಿಗ್ರಿಗೆ ನಿಂತಿತು. ಆದರೆ ಸದ್ದು! ಲ್ಯಾಬಿನಲ್ಲಿ ಗಿರ್ರನೆ ತಿರುಗುವ ಸೆಂಟ್ರಿಫ್ಯೂಜನ್ನು ಮಡಿಲಲ್ಲಿಟ್ಟುಕೊಂಡು ಕೂತ ಹಾಗೆ. ಕೆಳಗಿನ ಮನೆಯವರು ಬಂದು, ಏನಾದರೂ ಗೋಡೆ ಕೊರೀತಿದ್ದೀರಾ ಅಂತ ಕೇಳಿ ಹೋದರು.

ಇರಲಿ. ನಾಳೆ ಅಕ್ಕ ಸಿಗುತ್ತಾಳೆ.

ಮಾರ್ಚ್ ೧೬, ಭಾನುವಾರ

ಸಿಗಲಿಲ್ಲ. ನಾಲ್ಕಕ್ಕೆ ಇನ್ನೇನು ಕೂರಬೇಕು, ಬಿಸಿಗೆ ಟೇಪು ಬಿಟ್ಟು ಕೊಳವೆ ಕಳಚಿ ಬಿತ್ತು. ಮತ್ತೆ ಮೆಸೇಜ್ ಹಾಕಿದೆ. ಅವಳ ಉತ್ತರ:

'ಬೇಡ ಅಂದ್ರೆ ಬೇಡ ಅನ್ನು. ವಾರ ವಾರ ಕಂಪ್ಯೂಟರ್ ಮೇಲೆ ಹಾಕ್ಬೇಡ.'

ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಇವರ ಮೇಲೆ ಹರಿಹಾಯ್ದೆ. "ಎಲ್ಲರ ಮನೇಲಿ ಇರೋ ಥರದ್ದೊಂದು ಸಾಧಾರಣ ಕಾರ್ಡ್ ತಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಟೇಪು ಕೆರೆಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ಅಕ್ಕ ನಿನ್ನ ಜೊತೆ ಮಾತು ಕಮ್ಮಿ ಮಾಡಿದ್ದು ನನ್ನಿಂದ. ಮಾತಾಡೋ ದಾರಿ ರಿಪೇರಿ ಆಗೋದೂ ನನ್ನ ಕೈಯಿಂದಲೇ ಆಗ್ಲಿ ಅಂತ ಇತ್ತು ಕಣೇ. ಅಷ್ಟೇ."

ಇಂಥ ಮಾತಾಡಿಬಿಟ್ಟರೆ ಜಗಳ ಮುಂದುವರಿಸುವುದು ಹೇಗೆ? ಸಿಟ್ಟು ಎರಡರಷ್ಟಾಯಿತು. ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮಾರ್ಚ್ ೨೩, ಭಾನುವಾರ, ಸಂಜೆ ೭

ಕೂಗಿ ಕೂಗಿ ಗಂಟಲು ಕಟ್ಟಿದೆ. ಬರೆದೇ ತೀರಬೇಕು.

ಕೊಳವೆ ಈ ಸಲ ನಿಂತಿತು. ಹೇಳದೆ ಕೇಳದೆ ಆಟಕ್ಕೆ ಹೋದೆ. ಅಕ್ಕನ ಹಸಿರು ಲಾರಿ ಡಿಪೋದಲ್ಲಿ ಒಂಟಿಯಾಗಿ ನಿಂತಿತ್ತು. ಮೈಕ್ ಆನ್ ಮಾಡಿದೆ.

"ಏನೇ ಅದು ಸದ್ದು? ಎಲ್ಲಿದ್ದೀಯಾ?"

"ಮನೇಲೇ ಅಕ್ಕ, ಅದು—"

"ಕೇಳಿಸ್ತಿಲ್ಲ ಮರೀ, ಕೂಗು!"

ಮರಿ ಅಂದಳು. ಮದುವೆಯಾದ ಮೇಲೆ ಮೊದಲ ಸಲ. ಕೂಗಿದೆ. ಕೂಗುವಾಗ ಅಳೆದು ತೂಗಿ ಮಾತಾಡಲು ಆಗುವುದಿಲ್ಲ. ತೂತಿಲ್ಲದ್ದು, ಫ್ಯಾನಿಲ್ಲದ್ದು, ಗರಗಸ, ರಟ್ಟು, ಟೇಪು — ಎಲ್ಲ ಕೂಗಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ಲಾರಿ ಹೋಗಿ ಕಂಬಕ್ಕೆ ಗುದ್ದಿತು.

"ಇಷ್ಟು ದಿನ ಇದೇನಾ ನಡೀತಿದ್ದದ್ದು?"

"ಹೂಂ!"

"ನಾನು... ಅವನೇ ಬೇಡ ಅಂದ ಅಂದ್ಕೊಂಡಿದ್ದೆ. ನನ್ನ ಜೊತೆ ಮಾತು ಬಿಡಿಸಿದ ಅಂತ."

"ಬಿಡಿಸೋದಾ? ನೀನು ನನ್ನ ಜೊತೆ ಮಾತಾಡ್ಲಿ ಅಂತಾನೇ ಅಲ್ವಾ ಅಕ್ಕ, ಅವರು ಇಷ್ಟು ದಿನ ಕೆಲಸದಿಂದ ಬಂದು ಇದರ ಮುಂದೆ ಕೂತಿದ್ದು! ನನ್ನ ಹತ್ರ ಬೈಸಿಕೊಂಡು!"

ಅಕ್ಕ ಲಾರಿಯನ್ನು ಕಂಬದಿಂದ ಹಿಂದಕ್ಕೆ ತೆಗೆದಳು. ಆಟದ ರಸ್ತೆಯಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಆಮೇಲೆ ಕೇಳಿದಳು —

"ಕೊಳವೆ ರಟ್ಟಲ್ಲಿ ಮಾಡಿದ್ದಾರಾ?"

ಮಾಡಿದ್ದಾರಾ. ಮಾಡಿದ್ದಾನಾ ಅಲ್ಲ.

"ರಟ್ಟು ಅದುರುತ್ತೆ ಕಣೇ, ಅದಕ್ಕೇ ಅಷ್ಟು ಸದ್ದು. ದಪ್ಪ ಕ್ಯಾನ್ವಾಸಲ್ಲಿ ತೋಳು ಹೊಲಿದು ಹಾಕ್ಬೇಕು. ಹೊಲಿಗೆ ಅಂಗಡಿ ಇಟ್ಕೊಂಡು ಅಷ್ಟೂ ಮಾಡ್ಲಿಲ್ಲ ಅಂದ್ರೆ ಹೇಗೆ? ಮೈಕ್ ಅವರಿಗೆ ಕೊಡು, ಅಳತೆ ಕೇಳ್ತೀನಿ."

ಇವರು ಬಾಗಿಲ ಹಿಂದೆಯೇ ನಿಂತಿದ್ದರು. ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ನಮಸ್ಕಾರ ಅಕ್ಕ," ಅಂತ ಊರಿಗೆಲ್ಲ ಕೇಳುವಂತೆ ಕಿರುಚಿದರು.

ಮಾರ್ಚ್ ೩೦, ಭಾನುವಾರ, ಸಂಜೆ ೪:೪೦

ಅಕ್ಕನ ಪಾರ್ಸೆಲ್ ಬಂತು. ಖಾಕಿ ಕ್ಯಾನ್ವಾಸಿನ ತೋಳು, ಎರಡು ಹೊಲಿಗೆ, ಬಾಯಿಗೆ ಇಲಾಸ್ಟಿಕ್. ಹಾಕಿದೆವು. ಸದ್ದು ಅರ್ಧಕ್ಕೆ ಇಳಿದಿದೆ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ? ಇಬ್ಬರಿಗೂ ಸಮಾಧಾನವಿಲ್ಲ. ನಾಲ್ಕರಿಂದ ಇವರು ನನ್ನ ಕುರ್ಚಿಯಲ್ಲಿ, ನನ್ನ ಮೈಕಿನ ಮುಂದೆ. ನನ್ನ ಲಾರಿ ಪೆಟ್ರೋಲ್ ಬಂಕಿನಲ್ಲಿ ನಿಂತೇ ಇದೆ. ಸ್ಪೀಕರಿನಲ್ಲಿ ಅಕ್ಕ.

"ಬಾಯಿ ಇನ್ನೊಂದು ಬೆರಳು ಅಗಲ ಬೇಕಿತ್ತು ಅಕ್ಕ."

"ನೀವು ಕೊಟ್ಟ ಅಳತೆಗೇ ಹೊಲಿದಿದ್ದೀನ್ರೀ! ಅಳತೆ ಪಟ್ಟಿ ಹಿಡಿಯೋಕೆ ಬರುತ್ತಾ ನಿಮಗೆ?"

"ಗಾಳಿ ಕೊಳವೆ ಅಳತೆ ಬೇರೆ, ರವಿಕೆ ಅಳತೆ ಬೇರೆ ಅಕ್ಕ."

"ಹೌದೌದು, ಶೂ ಡಬ್ಬದ ಅಳತೆ ನೋಡಿದ್ವಲ್ಲ!"

ನಾನಿಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ಕರೆದರು. ಆಡಲು ಅಲ್ಲ. ಕತ್ತರಿ ಎಲ್ಲಿ ಅಂತ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಅಕ್ಕ, "ಮೇಲಿನ ಡ್ರಾಯರಲ್ಲಿ ನೋಡಿ, ಅವಳು ಚಿಕ್ಕಂದಿನಿಂದ ಅಲ್ಲೇ ಇಡೋದು..."

ಅಯ್ಯೋ, ಮೇಲಿನದಲ್ಲ. ಕೆಳಗಿನ—